ಎಡಗಣ್ಣು ಇನ್ನೊಮ್ಮೆ ಕೇಳಬೇಕು

ಅವರ ಕೆಳತುಟಿಯ ಮೇಲೆ ಯಾವಾಗಲೂ ಒಂದು ಕಪ್ಪು ಚುಕ್ಕೆ ಇರುತ್ತಿತ್ತು. ಹುಟ್ಟಿನಿಂದ ಬಂದ ಮಚ್ಚೆಯಲ್ಲ. ಫೋಟೋ ತಿದ್ದುವ ಸಣ್ಣ ಬ್ರಷ್ಷನ್ನು ಮೊನಚು ಮಾಡಲು ಅವರು ಅದರ ತುದಿಯನ್ನು ತುಟಿಗೆ ತಾಗಿಸುತ್ತಿದ್ದರು. ದಿನಕ್ಕೆ ನೂರು ಸಲ ತಾಗಿಸಿದರೆ ಬಣ್ಣ ಎಲ್ಲಿಗೆ ಹೋಗುತ್ತದೆ? ಸೋಪು ಹಚ್ಚಿ ಉಜ್ಜಿದರೂ ಹೋಗುವುದಿಲ್ಲ, ಇವರು ಚರ್ಚಿಗೂ ಅದನ್ನೇ ಹೊತ್ತುಕೊಂಡು ಬರುತ್ತಾರೆ ಎಂದು ಅವರ ಹೆಂಡತಿ ದೂರುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಮಾಡಿದ ಒಂದು ತಪ್ಪಿಗೆ ಅವರ ಹೆಸರು ಅಂಟಿಕೊಂಡಿತ್ತು. ಅಷ್ಟು ಸಾಕು. ಊರವರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಚಿತ್ರ ಬರೆಯುವವರು ಎಂಬುದಷ್ಟೇ ಕಾರಣ. ನಾನೂ ಹಾಗೇ ಕರೆಯುತ್ತೇನೆ.

ನನ್ನದು ಸಕಲೇಶಪುರದ ಹಳೇ ಸೇತುವೆಯ ಕಡೆ ಒಂದು ಫೋಟೋ ಅಂಗಡಿ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ನನಗೀಗ ಎಪ್ಪತ್ತಮೂರು. ಮೇಷ್ಟ್ರು ನನ್ನ ಅಂಗಡಿಯಲ್ಲಿ ನಲವತ್ತು ವರ್ಷ ಕೂತಿದ್ದರು. ಅವರ ತಂದೆ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಇವರು ಹುಟ್ಟಿ ಬೆಳೆದದ್ದು ದೋಣಿಗಲ್ಲಿನಲ್ಲಿ. ಆದರೂ ಮಾತಿನಲ್ಲಿ ಆ ಕಡೆಯ ಧಾಟಿ ಹೋಗಿರಲಿಲ್ಲ. ನನ್ನನ್ನು 'ಧಣಿಗಳೇ' ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಬದುಕಿರುವಾಗ ಒಂದೂ ಫೋಟೋ ತೆಗೆಸದವರು ಆಗ ಈ ಬೆಟ್ಟದ ಊರುಗಳಲ್ಲಿ ಎಷ್ಟೋ ಜನ. ಸತ್ತ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ, ನಮಗೆ ಹೇಳಿ ಕಳಿಸುತ್ತಿದ್ದರು. ಆ ಫೋಟೋವನ್ನು ದೊಡ್ಡದು ಮಾಡಿ ಮುಚ್ಚಿದ ಕಣ್ಣನ್ನು ತೆರೆದಂತೆ ಬರೆದುಕೊಡಬೇಕು. ನಮ್ಮ ಕಸುಬಿನಲ್ಲಿ ಅದಕ್ಕೆ ಕಣ್ಣು ಬಿಡಿಸುವುದು ಎನ್ನುತ್ತಿದ್ದೆವು. ಬೇರೆ ಅಂಗಡಿಯವರು ಎಲ್ಲ ಹೆಣಗಳಿಗೂ ಒಂದೇ ಜೋಡಿ ಕಣ್ಣು ಬರೆದು ಕೊಡುತ್ತಿದ್ದರು. ಮೇಷ್ಟ್ರು ಮಾತ್ರ ಮೊದಲು ಬಸ್ಸು ಹತ್ತಿ ಸತ್ತವರ ಮನೆಗೆ ಹೋಗುತ್ತಿದ್ದರು. ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ನಗುವಾಗ ಯಾವ ಕಣ್ಣು ಮೊದಲು ಸಣ್ಣ ಆಗ್ತಿತ್ತು? ದೂರದಲ್ಲಿ ಬರುವವರನ್ನು ನೋಡುವಾಗ ಹುಬ್ಬು ಹೇಗೆ ಮಾಡ್ತಿದ್ರು? ಬೈಯುವಾಗ? ಬೈಯುವ ಮಾತು ಬಂದ ಕೂಡಲೇ ಅಳುತ್ತಿದ್ದ ಮನೆಯವರು ನಕ್ಕುಬಿಡುತ್ತಿದ್ದರು. ಒಬ್ಬೊಬ್ಬರೂ ಎದ್ದು ನಿಂತು ಸತ್ತವರು ಬೈಯುತ್ತಿದ್ದ ಹಾಗೆ ಬೈದು ತೋರಿಸುತ್ತಿದ್ದರು. ಇವರು ಸುಮ್ಮನೆ ಅವರ ಕಣ್ಣುಗಳನ್ನು ನೋಡುತ್ತಾ ಕೂರುತ್ತಿದ್ದರು.

ಒಮ್ಮೆ ವನಗೂರಿನ ಒಬ್ಬ ಗೌಡರ ಫೋಟೋ ಬಂತು. ಮಸುಕಾದ ಫೋಟೋ. ಗಲ್ಲದ ಮೇಲೆ ಅವರಿಗೊಂದು ಮಚ್ಚೆ ಇತ್ತು ಎಂಬುದರಲ್ಲಿ ಮೂವರು ಮಕ್ಕಳಿಗೂ ಅನುಮಾನವಿಲ್ಲ. ಎಡಕ್ಕೋ ಬಲಕ್ಕೋ ಎಂಬುದೇ ಜಗಳ. ಅಂಗಡಿಯಲ್ಲೇ ಅಣ್ಣ ತಮ್ಮಂದಿರು ಕೈಕೈ ಮಿಲಾಯಿಸುವ ಹಾಗಾಯಿತು.

"ಎಡಕ್ಕೆ ಕಣೋ! ನಾನ್ ದೊಡ್ಡೋನು, ನಂಗೆ ಗೊತ್ತಿಲ್ವಾ?"

"ನೀನ್ ಯಾವತ್ ಅಪ್ಪನ ಮಕ ನೆಟ್ಟಗೆ ನೋಡಿದ್ದೆ, ಮಾತಾಡೀಯೆ!"

ಮೇಷ್ಟ್ರು ಕೊಡೆ ತಗೊಂಡು ಹೊರಟೇಬಿಟ್ಟರು. ಸಂಜೆ ಬಂದು "ಬಲಕ್ಕೆ" ಎಂದರು. ವನಗೂರಿನಲ್ಲಿ ಗೌಡರಿಗೆ ಮೂವತ್ತು ವರ್ಷ ಕ್ಷೌರ ಮಾಡಿದವನನ್ನು ಹುಡುಕಿ ಕೇಳಿಕೊಂಡು ಬಂದಿದ್ದರು. "ಮಕ್ಕಳು ಮುಖ ನೋಡಿರ್ತಾರೆ ಮಾರಾಯ್ರೆ. ಅವ ಮುಟ್ಟಿದ್ದಾನೆ. ಬ್ಲೇಡು ಅಲ್ಲಿ ಬಂದಾಗ ಪ್ರತಿ ಸಲ ಜಾಗ್ರತೆ ಮಾಡಿದ್ದಾನಲ್ಲ, ಅವನ ಕೈಗೆ ನೆನಪುಂಟು."

ಇನ್ನೊಂದು ಪಟ್ಟು ಅವರದ್ದಿತ್ತು. ಎಷ್ಟು ಕೇಳಿದರೂ ತಿಳಿಯದೆ ಉಳಿದದ್ದನ್ನು ಬರೆಯುತ್ತಿರಲಿಲ್ಲ. ಅಷ್ಟು ಭಾಗವನ್ನು ತೆಳುವಾಗಿ, ಮಸುಕಾಗಿಯೇ ಬಿಟ್ಟುಬಿಡುತ್ತಿದ್ದರು. ಕಿವಿ ಗೊತ್ತಿಲ್ಲದಿದ್ದರೆ ಕಿವಿ ನೆರಳಿನಲ್ಲಿರುತ್ತಿತ್ತು. ಗಿರಾಕಿಗಳು ಗೊಣಗಿದರೆ ನಾನು ಮೇಷ್ಟ್ರ ಮೇಲೆ ರೇಗುತ್ತಿದ್ದೆ. ಅವರು ಬ್ರಷ್ಷಿನ ತುದಿಯನ್ನು ತುಟಿಗೆ ತಾಗಿಸಿ, "ಗೊತ್ತಿಲ್ಲ ಅಂತ ಗೊತ್ತಾಗ್ಲಿ ಧಣಿಗಳೇ, ತಪ್ಪೇನು?" ಎನ್ನುತ್ತಿದ್ದರು.

ಕಂಪ್ಯೂಟರು ಬಂದಾಗ ಅವರು ಹೆದರಲಿಲ್ಲ. ನಾಲ್ಕೈದು ವರ್ಷದ ಹಿಂದೆ ನಾನು ಫೋಟೋ ದೊಡ್ಡದು ಮಾಡುವ ಎಐ ಸಾಫ್ಟ್‌ವೇರು ಹಾಕಿಸಿದಾಗ ನನಗಿಂತ ಹೆಚ್ಚು ಖುಷಿಪಟ್ಟವರು ಅವರೇ. ಹುಣಸೆಬೀಜದಷ್ಟಿದ್ದ ನಾಯಿಯ ಫೋಟೋವನ್ನು ಅದು ಮೈಮೇಲಿನ ಕೂದಲು ಎಣಿಸುವಷ್ಟು ದೊಡ್ಡದು ಮಾಡಿತು. "ಅಬ್ಬಬ್ಬಾ, ಚಿಗಟವೂ ಕಾಣ್ತದೋ ನೋಡಿ" ಎಂದು ಕನ್ನಡಕ ಏರಿಸಿ ಹುಡುಕಿದರು. ಆಮೇಲೆ ಅವರದೇ ಒಂದು ಹಳೆಯ ಸಣ್ಣ ಫೋಟೋವನ್ನು ಅದಕ್ಕೆ ಹಾಕಿದೆವು. ಹತ್ತು ವರ್ಷ ಚಿಕ್ಕವರಾಗಿ ಬಂದರು. ತುಟಿಯ ಮೇಲಿನ ಚುಕ್ಕೆ ಇರಲಿಲ್ಲ. ಕೊಳೆ ಎಂದು ತಿಳಿದು ಯಂತ್ರ ಒರೆಸಿಹಾಕಿತ್ತು.

"ಧಣಿಗಳೇ, ನಲವತ್ತು ವರ್ಷದ ಸಂಪಾದನೆ ಹೋಯ್ತಲ್ಲ!" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅದು ಹೇಗೆ ಕೆಲಸ ಮಾಡುತ್ತದೆಂದು ಸಾಫ್ಟ್‌ವೇರು ಹಾಕಿದವನು ನಮಗೆ ಹೇಳಿದ್ದ. ಸಣ್ಣ ಫೋಟೋದಲ್ಲಿ ಇಲ್ಲದ್ದನ್ನು ಅದು ತಾನೇ ಊಹಿಸಿ ತುಂಬುತ್ತದೆ. ಯಾರ್ಯಾರದೋ ಮುಖಗಳನ್ನು ನೋಡಿ ಕಲಿತ ಊಹೆ. ನಾನು ಅದನ್ನು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಟ್ಟೆ. ಮೇಷ್ಟ್ರು ಮಾತ್ರ ಪರದೆ ನೋಡುತ್ತಾ, "ಇದು ಯಾರನ್ನೂ ಕೇಳುವುದಿಲ್ಲವಾ?" ಎಂದರು.

ಮರುವಾರ ನಾನು ಅವರಿಗೆ ಹೇಳಿದೆ, "ಮೇಷ್ಟ್ರೇ, ಇನ್ಮೇಲೆ ತಿದ್ದೋದೆಲ್ಲ ಇದೇ ಮಾಡ್ತದೆ. ನೀವ್ ಫೋಟೋಗೆ ಕಟ್ಟು ಹಾಕೋ ಕೆಲ್ಸ ನೋಡ್ಕಳಿ ಸಾಕು." ನಲವತ್ತು ವರ್ಷ ಅವರ ಮೇಜು ಇದ್ದದ್ದು ಕಿಟಕಿಯ ಕೆಳಗೆ. ಅದನ್ನು ಎಳೆದು ಹಿಂದೆ, ಗಾಜು ಕತ್ತರಿಸುವ ಕೋಣೆಗೆ ಹಾಕಿದೆ. ಕಿಟಕಿಯ ಹತ್ತಿರ ಪ್ರಿಂಟರು ಇಟ್ಟೆ. ಅವರು ತಮ್ಮ ಬ್ರಷ್ಷುಗಳನ್ನು ಡಬ್ಬಿಗೆ ಹಾಕಿಕೊಳ್ಳುತ್ತಾ ಇಷ್ಟೇ ಕೇಳಿದರು, "ಪ್ರಿಂಟರಿಗೂ ಬೆಳಕು ಬೇಕಾ ಧಣಿಗಳೇ?"

ಲಕ್ಷ್ಮಮ್ಮ ಬಂದದ್ದು ಅದಾಗಿ ಆರು ತಿಂಗಳಿಗೆ. ಹೊಂಗಡಹಳ್ಳದವಳು, ತೋಟದ ಕೆಲಸದವಳು. ಮಗಳು ಸವಿತ ಹತ್ತೊಂಬತ್ತು ವರ್ಷಕ್ಕೆ ಜ್ವರ ಬಂದು ತೀರಿಕೊಂಡಿದ್ದಳು. ಬಟ್ಟೆಚೀಲದಿಂದ ಫೋನು ತೆಗೆದು ನನ್ನ ಮುಂದೆ ಹಿಡಿದಳು. ಎಸ್ಟೇಟಿನ ಆಯುಧಪೂಜೆಯ ದಿನ ಹೂವು ಕಟ್ಟಿದ ಜೀಪಿನ ಮುಂದೆ ಹತ್ತಿಪ್ಪತ್ತು ಜನ ನಿಂತ ಫೋಟೋ. ಯಾರೋ ಡ್ರೈವರು ತೆಗೆದು, ಅವರಿವರ ಫೋನು ಸುತ್ತಿ, ಸವೆದ ನಾಣ್ಯದ ಹಾಗೆ ಆಗಿತ್ತು.

"ಇದ್ರಾಗೆ ನನ್ ಮಗಳು ಅವ್ಳೆ ಅಣ್ಣ. ಹಿಂದ್ಲ ಸಾಲಲ್ಲಿ, ತಟ್ಟೆ ಹಿಡ್ಕಂಡು. ಇದೊಂದೇ ಇರೋದು. ಅವ್ಳನ್ನ ಮಾತ್ರ ದೊಡ್ಡದು ಮಾಡ್ಕೊಡ್ತೀರಾ?"

"ಅದಕ್ಕೇನ್ ಕಣಮ್ಮ. ಸಂತೆ ಮುಗಿಸ್ಕಂಡ್ ಬಾ. ಫೋನು ಇಲ್ಲೇ ಇರ್ಲಿ."

ಸಾಫ್ಟ್‌ವೇರಿಗೆ ಹಾಕಿದೆ. ಮಸುಕಿನೊಳಗಿಂದ ಒಂದು ಹುಡುಗಿ ಎದ್ದು ಬಂದಳು. ಮಿರುಗುವ ಕೆನ್ನೆ, ನೆಟ್ಟನೆಯ ಎರಡು ಕಣ್ಣು, ಕಿವಿಯಲ್ಲಿ ಹೊಳೆಯುವ ಓಲೆ. ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡೆ. ಆಮೇಲೆ ಎರಡು ಕೆಲಸ ಮಾಡಿದೆ. ಕಂಪ್ಯೂಟರಿನಲ್ಲಿ ಹಳೆಯ ಫೋಟೋದ ಮೇಲೇ ಹೊಸದನ್ನು ಉಳಿಸಿದೆ. ಆಕೆಯ ಫೋನಿಗೆ ಹೊಸದನ್ನು ಹಾಕಲು ಹೋದರೆ ಜಾಗ ಇಲ್ಲ ಎಂದಿತು. ಅಷ್ಟು ಚೆನ್ನಾಗಿರುವುದು ಬಂದ ಮೇಲೆ ಆ ಸವಕಲು ಯಾಕೆ ಎಂದು, ಬೇರೆ ಹಾಳುಮೂಳಿನ ಜೊತೆ ಅದನ್ನೂ ಅಳಿಸಿದೆ. ಯಾರನ್ನೂ ಕೇಳಲಿಲ್ಲ.

ಲಕ್ಷ್ಮಮ್ಮ ಕಟ್ಟು ಹಾಕಿದ ಫೋಟೋವನ್ನು ಎರಡು ಕೈಯಲ್ಲೂ ಹಿಡಿದು ಬಹಳ ಹೊತ್ತು ನೋಡಿದಳು.

"ಈ ಓಲೆ ಯಾರ್ದಣ್ಣ? ನನ್ ಮಗಳು ಕಿವಿ ತೂತಿಗೆ ಪೊರಕೆ ಕಡ್ಡಿ ಹಾಕ್ಕತಿದ್ಲು."

"ಸಣ್ಣದ್ರಲ್ಲಿ ಕಾಣ್ತಿರ್ಲಿಲ್ಲ, ದೊಡ್ಡದಾದಾಗ ಕಾಣ್ತದೆ ಅಷ್ಟೆ."

"ಕಣ್ಣೂ ನೆಟ್ಟಗೈತೆ. ಅವಳ್ದು ಎಡಗಣ್ಣು ಒಂಚೂರು ವಾರೆ."

"ಸರಿ ಮಾಡ್ಕೊಟ್ಟಿದೀನಿ ಕಣಮ್ಮ. ನಾಲ್ಕು ಜನ ನೋಡೋ ಫೋಟೋ, ಚೆನ್ನಾಗಿರ್ಬೇಕಲ್ವಾ?"

"ಹಂಗಾ" ಎಂದಳು. ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಹೆತ್ತ ತಾಯಿಗೆ ಮಗಳ ಮುಖ ಹೇಗಿತ್ತು ಎಂದು ನಾನು ಹೇಳಿಕೊಟ್ಟಿದ್ದೆ. ಅವತ್ತು ಹಾಗೆ ಅನಿಸಲಿಲ್ಲ.

ಮೇಷ್ಟ್ರು ಅವತ್ತು ರಜದಲ್ಲಿದ್ದರು. ಹತ್ತು ಹನ್ನೆರಡು ದಿನಗಳಾದ ಮೇಲೆ ನಾನು ಊಟಕ್ಕೆ ಹೋಗಿದ್ದಾಗ ಲಕ್ಷ್ಮಮ್ಮ ಮತ್ತೆ ಬಂದಳಂತೆ. ನಾನು ತಿರುಗಿ ಬರುವಷ್ಟರಲ್ಲಿ ಹೋಗಿಯಾಗಿತ್ತು. ಆ ಫೋಟೋ ಮಾತ್ರ ಮೇಷ್ಟ್ರ ಮೇಜಿನ ಮೇಲಿತ್ತು.

"ಇದು ಬೇಡವಂತೆ. ಮನೆಗೆ ಯಾರೋ ಹುಡುಗಿ ಬಂದು ಕೂತ ಹಾಗಾಗ್ತದಂತೆ. ಆ ಸಣ್ಣ ಫೋಟೋ ಇದ್ರೆ ಸಾಕು, ಅದನ್ನೇ ಕೊಡಿ ಅಂತಾಳೆ. ಫೋನಲ್ಲಿ ಹುಡುಕಿದೆವು, ಇಲ್ಲ. ಕಂಪ್ಯೂಟರಲ್ಲಿ ಉಂಟಾ?"

ಅಳಿಸಿದ್ದು ನಾನು ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಕಿಟಕಿಯ ಹತ್ತಿರದಿಂದ ಯಾರ ಮೇಜನ್ನು ಎಳೆದು ಹಾಕಿದ್ದೆನೋ ಅವರ ಮುಂದೆಯೇ ಒಪ್ಪಿಕೊಳ್ಳಬೇಕಿತ್ತು. ಬಾಯಿ ಬೇರೆಯದನ್ನೇ ಹೇಳಿತು.

"ನನ್ ಹತ್ರ ಎಲ್ಲೈತೆ? ಆಯಮ್ಮನ ಫೋನಲ್ಲೇ ಇತ್ತು. ಅವಳೇ ಎಲ್ಲೋ ಒತ್ತಿ ಅಳಿಸ್ಬುಟ್ಟವಳೆ. ಇವರ್ಗೆ ಫೋನ್ ಹಿಡಿಯೋಕೆ ಬರಲ್ಲ ಮೇಷ್ಟ್ರೇ."

ಅವರು ನನ್ನನ್ನು ನೋಡಿದರು. ಬ್ರಷ್ಷು ತುಟಿಯ ಮೇಲೇ ನಿಂತಿತ್ತು. "ಹೌದಾ" ಎಂದರು.

ಅಳಿಸಿದ ಫೋಟೋ ಫೋನಿನ ಕಸದ ಬುಟ್ಟಿಯಲ್ಲಿ ಸುಮಾರು ಒಂದು ತಿಂಗಳು ಉಳಿದಿರುತ್ತದೆ, ಬೇಕೆಂದರೆ ತಿರುಗಿ ತೆಗೆಯಬಹುದು ಎಂದು ನನಗೆ ತಿಳಿದದ್ದು ಬಹಳ ದಿನಗಳ ನಂತರ, ಫೋನು ರಿಪೇರಿಯವನು ಇನ್ನಾರದೋ ವಿಷಯಕ್ಕೆ ಹೇಳಿದಾಗ. ಲೆಕ್ಕ ಹಾಕಿದೆ. ಲಕ್ಷ್ಮಮ್ಮ ತಿರುಗಿ ಬಂದ ದಿನ ಆ ಹುಡುಗಿ ಇನ್ನೂ ಆ ಫೋನಿನೊಳಗೇ ಇದ್ದಳು. ನಾನು ಅಳಿಸಿದ್ದು ನಿಜ. ಆದರೆ ಅವಳು ಹೋದದ್ದು ಅಳಿಸಿದ್ದರಿಂದಲ್ಲ, ನಾನು ಸುಳ್ಳು ಹೇಳಿದ್ದರಿಂದ.

ಆಮೇಲಿನ ಸೋಮವಾರ ಮೇಷ್ಟ್ರು ಅಂಗಡಿಗೆ ಬರಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೊಂದು ಸೋಮವಾರವೂ ಇಲ್ಲ. ಕೇಳಿದರೆ "ಹವೆ ಬದಲಾವಣೆಗೆ ಹೊಂಗಡಹಳ್ಳಕ್ಕೆ ಹೋಗಿದ್ದೆ" ಎಂದರು. ಆ ಫೋಟೋ ತೆಗೆದಿದ್ದ ಡ್ರೈವರನ್ನೂ ಹುಡುಕಿದರು. ಅವನು ಕೆಲಸ ಬಿಟ್ಟು ಕೊಡಗಿನ ಕಡೆ ಹೋಗಿದ್ದ, ನಂಬರೂ ಬದಲಾಗಿತ್ತು. ಆ ದಿನ ಫೋಟೋದಲ್ಲಿ ನಿಂತಿದ್ದವರ ಮನೆಗಳಿಗೂ ಹೋಗಿ ಬಂದರು. ಯಾರ ಫೋನಿನಲ್ಲೂ ಉಳಿದಿರಲಿಲ್ಲ. ಬೇರೆಯವರ ಮಗಳ ಮಸುಕು ಫೋಟೋ ಯಾರು ಇಟ್ಟುಕೊಳ್ಳುತ್ತಾರೆ?

ಒಂದು ದಿನ ಗಾಜು ಒರೆಸುತ್ತಾ ನನ್ನ ಕಡೆ ತಿರುಗದೆ ಹೇಳಿದರು, "ಧಣಿಗಳೇ, ಆ ಸಣ್ಣ ಫೋಟೋ ಹೇಗೆ ಹೋಯ್ತು ಅಂತ ಸರಿಯಾಗಿ ಗೊತ್ತಾಗಿದ್ರೆ ಹುಡುಕ್ಲಿಕ್ಕೆ ಸುಲಭ ಇತ್ತು."

ನಾನು ಪರದೆಯನ್ನೇ ನೋಡುತ್ತಾ ಕೂತೆ. ಅವರ ಕೈ ಗಾಜಿನ ಮೇಲೆ ನಿಂತಿತ್ತು. ಆಮೇಲೆ ಮತ್ತೆ ಒರೆಸತೊಡಗಿದರು.

ಮೂರು ವರ್ಷ ಹೀಗೆ ಹೋಗಿ ಬಂದರು. ಬಂದ ಮೇಲೆ ಹಿಂದಿನ ಕೋಣೆಯಲ್ಲಿ, ಬಲ್ಬಿನ ಬೆಳಕಿನಲ್ಲಿ ಏನೋ ಬರೆಯುತ್ತಿದ್ದರು. ನಾನು ಒಳಗೆ ಹೋದರೆ ಹಾಳೆಯನ್ನು ಮಗುಚಿ ಇಡುತ್ತಿದ್ದರು. ಕಿಟಕಿಯ ಹತ್ತಿರ ಬನ್ನಿ ಎಂದು ಕರೆಯಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಕರೆದರೆ ಮಾತು ಬರುತ್ತದೆ, ಮಾತು ಬಂದರೆ ಅದೂ ಬರುತ್ತದೆ ಎಂದು ಸುಮ್ಮನಿದ್ದೆ.

ಈ ವರ್ಷ ಕಾಫಿ ಹೂವಾದ ವಾರ ಅವರು ತೀರಿಕೊಂಡರು. ಬೆಳಗ್ಗೆ ಬಸ್ಸಿಗೆ ಹೊರಟವರು ಮನೆಯ ಮೆಟ್ಟಿಲ ಮೇಲೆ ಕೂತರಂತೆ, ಏಳಲಿಲ್ಲ. ದೋಣಿಗಲ್ಲಿಗೆ ಹೋದೆ. ಬಿಳಿ ಅಂಗಿ ಹಾಕಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಹತ್ತಿರ ಹೋಗಿ ನೋಡಿದೆ. ತುಟಿಯ ಮೇಲೆ ಚುಕ್ಕೆ ಇರಲಿಲ್ಲ. ಯಾರೋ ಚೆನ್ನಾಗಿ ಒರೆಸಿದ್ದರು. ಸಾಫ್ಟ್‌ವೇರು ಮಾಡಿಕೊಟ್ಟಿದ್ದ ಆ ಫೋಟೋದ ಹಾಗೇ ಕಾಣುತ್ತಿದ್ದರು. ನಾನು ಹೆಚ್ಚು ಹೊತ್ತು ನಿಲ್ಲಲಾರದೆ ಹೊರಗೆ ಬಂದೆ.

ಚರ್ಚಿನಲ್ಲಿ ತಿಂಗಳ ಪೂಜೆ ಮುಗಿದ ಮೇಲೆ ಅವರ ಹೆಂಡತಿ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಹಿಡಿದುಕೊಂಡು ಅಂಗಡಿಗೆ ಬಂದರು.

"ಇದು ನಿಮ್ಮ ಅಂಗಡಿಯ ಕೆಲಸ ಅಂತೆ. ಹೊಂಗಡಹಳ್ಳಕ್ಕೆ ಮುಟ್ಟಿಸ್ಬೇಕು ಅಂತ ಹೇಳ್ತಾ ಇದ್ರು."

"ಅಮ್ಮಾವ್ರೇ, ಮೇಷ್ಟ್ರು ನನ್ ಮೇಲೆ ಏನಾದ್ರೂ..."

"ನಿಮ್ಮ ಬಗ್ಗೆಯಾ? ಧಣಿಗಳಿಗೆ ಕಂಪ್ಯೂಟರು ಸರಿಯಾಗಿ ಬರುವುದಿಲ್ಲ, ಪಾಪ, ಅಂತಿದ್ರು."

ಅವರು ಹೋದ ಮೇಲೆ ಬಿಚ್ಚಿ ನೋಡಿದೆ. ಸಾಫ್ಟ್‌ವೇರು ಮಾಡಿದ ಅದೇ ಪ್ರಿಂಟು. ಸೀರೆ, ಕೈ, ತಟ್ಟೆ ಹಾಗೇ ಇದ್ದವು. ಮುಖವಷ್ಟನ್ನೇ ಬಿಳಿ ಬಣ್ಣದಿಂದ ಮುಚ್ಚಿ ಮೇಷ್ಟ್ರು ತಮ್ಮ ಕೈಯಿಂದ ಬರೆದಿದ್ದರು. ಬಿಸಿಲಿಗೆ ಒಣಗಿದ ಕೆನ್ನೆ. ಸ್ವಲ್ಪ ಮುಂದೆ ಬಂದ ಮೇಲ್ತುಟಿ. ಕಿವಿಯಲ್ಲಿ ಕಡ್ಡಿ. ಬಲಗಣ್ಣು ಬೆಳಕಿಗೆ ಕಿರಿದಾಗಿ ಯಾರನ್ನೋ ಗೇಲಿ ಮಾಡುವ ಹಾಗಿತ್ತು. ಎಡಗಣ್ಣಿನ ಜಾಗ ಮಾತ್ರ ತೆಳುವಾದ ನೆರಳು. ಹಿಂದುಗಡೆ ಪೆನ್ಸಿಲಿನಲ್ಲಿ ಬರೆದಿದ್ದರು: 'ಎಡಗಣ್ಣು ಅಮ್ಮನನ್ನು ಇನ್ನೊಮ್ಮೆ ಕೇಳಬೇಕು.'

ಮಾರನೆಯ ದಿನ ನಾನು ಹೊಂಗಡಹಳ್ಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಆಕೆ ಮೂರು ವರ್ಷಗಳಿಂದ ತಾನೇ ಮಗಳ ಫೋಟೋ ಕಳೆದೆನೆಂದು ಕೊರಗುತ್ತಿರಬೇಕು, ಅದನ್ನಾದರೂ ಇಳಿಸಬೇಕು ಎಂದುಕೊಂಡೆ.

ಲಕ್ಷ್ಮಮ್ಮ ಅಂಗಳದಲ್ಲಿ ಮೆಣಸು ಹರವುತ್ತಿದ್ದಳು. ಗುರುತು ಹಿಡಿದಳು. ಮೇಷ್ಟ್ರು ತೀರಿಕೊಂಡ ಸುದ್ದಿ ಆಕೆಗೆ ಗೊತ್ತಿತ್ತು. ಫೋಟೋ ಕೈಗೆ ಕೊಟ್ಟೆ. ಕೂರಲಿಲ್ಲ. ನಿಂತೇ ಹೇಳಿದೆ.

"ಲಕ್ಷ್ಮಮ್ಮ, ಆ ಸಣ್ಣ ಫೋಟೋ ನೀನು ಕಳ್ದಿದ್ದಲ್ಲ ಕಣಮ್ಮ. ನಾನ್ ಅಳಿಸಿದ್ದು. ನಿನ್ ಮೇಲೆ ಹಾಕಿ ಸುಳ್ ಹೇಳಿದ್ದೆ. ನೀನು ಬಂದು ಕೇಳಿದ ದಿನಾನೇ ನಾನು ಒಪ್ಕಂಡಿದ್ರೆ ಅದು ಸಿಕ್ತಿತ್ತು."

ಆಕೆ ಫೋಟೋದಿಂದ ಮುಖ ಎತ್ತಿದಳು. "ನಾನ್ ಕಳ್ದೆ ಅಂತ ಯಾರ್ ಅಂದ್ರು? ಮೇಷ್ಟ್ರು ಇಲ್ಲಿಗ್ ಬಂದ ಮೊದಲ್ನೇ ದಿನಾನೇ ಹೇಳಿದ್ರಲ್ಲ, ತಾನೇ ಅಳಿಸಿದ್ದು, ಕೈತಪ್ಪಾಯ್ತು ಅಂತ."

"ಮೇಷ್ಟ್ರು ಹಂಗಂದ್ರಾ?" ಎಂದೆ.

"ಎಷ್ಟ್ ಬೈದೆ ಗೊತ್ತಾ ಆ ಮನುಷ್ಯಂಗೆ? ನಿನ್ ಕೈ ಸೇದೋಗ ಅಂದೆ. ಮೊದಲ್ ಮೂರು ಸಲ ಬಂದಾಗ ಒಳೀಕೆ ಕರೀಲಿಲ್ಲ. ಒಂದ್ ಲೋಟ ನೀರು ಸೈತ ಕೊಡ್ಲಿಲ್ಲ. ತಲೆ ತಗ್ಗಿಸ್ಕಂಡು ನಿಂತಿರೋರು. ಬೈದು ಮುಗಿಸಿದ್ ಮೇಲೆ, 'ಅಮ್ಮ, ನಿಮ್ಮ ಮಗಳು ಬೈಯುವಾಗ ಹೀಗೇ ಬೈತಿದ್ದಳಾ?' ಅಂತ ಕೇಳೋರು." ಆಕೆ ನನ್ನ ಕಡೆ ತಿರುಗಿದಳು. "ಹಂಗಾರೆ ನಾನ್ ಬೈದಿದ್ದು ಯಾರ್ನಣ್ಣ?"

ಇದನ್ನೆಲ್ಲ ನನ್ನ ಹೆಂಡತಿ ಮಕ್ಕಳ ಮುಂದೆ ಹೇಳಿಕೊಂಡಿದ್ದೇನೆ, ಇಲ್ಲಿ ಬರೆದಿದ್ದೇನೆ. ಬೈಗುಳ ತಿಂದವರು ಮಾತ್ರ ಅದನ್ನು ಕೇಳಿಸಿಕೊಳ್ಳಲು ಇಲ್ಲ.

ಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಫೋಟೋ ನೋಡಿದಳು. ಬೆರಳನ್ನು ಬಲಗಣ್ಣಿನ ಹತ್ತಿರ ಒಯ್ದು, ಮುಟ್ಟದೆ, "ಇವ್ಳೇ" ಎಂದಳು. ಎಡಗಣ್ಣು ಹೇಗಿತ್ತು ಎಂದು ಕೇಳಲು ನಾನು ಬಾಯಿ ತೆರೆದೆ. ಹೇಗಾದರೂ ಬರೆದೇನು ಎಂಬ ಆಸೆ.

"ನೀವ್ ಬರೀಬ್ಯಾಡಿ" ಎಂದಳು. "ಹಿಂಗೇ ಕಟ್ಟು ಹಾಕ್ಕೊಡಿ."

ಕಟ್ಟು ಹಾಕಿದೆ. ಹಿಂದುಗಡೆ ಹಲಗೆಯ ಬದಲು ಗಾಜನ್ನೇ ಕೂರಿಸಿದೆ, ಪೆನ್ಸಿಲಿನ ಆ ಒಂದು ಸಾಲು ಕಾಣಲಿ ಎಂದು. ಮುಂದಿನ ಸೋಮವಾರ ತೆಗೆದುಕೊಂಡು ಹೋಗಿ ಕೊಟ್ಟೆ. ಆಕೆ ಅದನ್ನು ಒಳಗೆ ಒಯ್ದು ಗೋಡೆಗೆ ತೂಗುಹಾಕಿ ಹೊರಗೆ ಬಂದಳು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು.

"ಮೇಷ್ಟ್ರು ಎಲ್ ನಿಂತಿರೋರು ಲಕ್ಷ್ಮಮ್ಮ?" ಎಂದು ಕೇಳಿದೆ.

"ಅಲ್ಲೇ" ಎಂದಳು. "ಈಗ ನೀವ್ ನಿಂತಿದೀರಲ್ಲ, ಅಲ್ಲೇ."